ಮಾನವ ಹಕ್ಕು ನಮಗೆ ಯಾರು ಕೊಟ್ಟಿದ್ದು? ಡಿಸೆಂಬರ್ 10ಕ್ಕೆ ಮಾತಾಡಬೇಕು, ಸಹಾಯ ಮಾಡಿ

ಕಬ್ಬಿನಜಲ್ಲೆ

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದಲ್ಲಿ ಬಿ.ಎ. ಎರಡನೇ ವರ್ಷ ಓದುತ್ತಿದ್ದೇನೆ. ಡಿಸೆಂಬರ್ 10 ಮಾನವ ಹಕ್ಕುಗಳ ದಿನ ಅಂತ ಕಾಲೇಜಿನಲ್ಲಿ ಕಾರ್ಯಕ್ರಮ ಇದೆ. ನಾನು ಹತ್ತು ನಿಮಿಷ ಮಾತಾಡಬೇಕು. ನೋಟ್ಸಿನಲ್ಲಿ ಇರುವುದು ಇಷ್ಟು: 1215 ಮ್ಯಾಗ್ನಾ ಕಾರ್ಟಾ, 1689 ಇಂಗ್ಲೆಂಡ್, 1776 ಅಮೆರಿಕ, 1789 ಫ್ರಾನ್ಸ್, 1948 ವಿಶ್ವಸಂಸ್ಥೆ. ಅಷ್ಟೇ, ಬಸ್ ಸ್ಟಾಪ್ ಹೆಸರು ಓದಿದ ಹಾಗಿದೆ. ರಾತ್ರಿ ಮನೆಯಲ್ಲಿ ಜೋರಾಗಿ ಓದಿ ನೋಡುತ್ತಿದ್ದೆ, ನಮ್ಮಜ್ಜಿ ಕೇಳಿಸಿಕೊಂಡು "ಅದ್ರಾಗೆ ನಾವೆಲ್ಲಿದ್ದೀವವ್ವಾ?" ಅಂತು. ಈಗ ನನಗೂ ಅದೇ ಅನುಮಾನ. ಇದೆಲ್ಲ ಬಿಳಿಯರು ಬರೆದು ನಮ್ಮ ಕೈಗೆ ಕೊಟ್ಟಿದ್ದಾ? ನಮ್ಮ ಕಡೆ ಏನೂ ನಡೆಯಲೇ ಇಲ್ವಾ? ಗೊತ್ತಿರುವವರು ಹೇಳಿ. ಗೂಗಲ್ ಮಾಡು ಅನ್ನಬೇಡಿ, ಮಾಡಿ ಆಯ್ತು.

ಒಂಟಿಕೊಪ್ಪಲು ವಾಸಿ

ನಮ್ಮಲ್ಲಿ ಇರಲಿಲ್ಲ ಅಂತ ಯಾರಮ್ಮ ಹೇಳಿದ್ದು? ಮನುಷ್ಯ ಜಾತಿ ಒಂದೇ ಅಂತ ಪಂಪ ಹತ್ತನೇ ಶತಮಾನದಲ್ಲೇ ಹೇಳಿದ. ಹನ್ನೆರಡನೇ ಶತಮಾನದಲ್ಲಿ ಶರಣರು ಬಂದರು. ಅಷ್ಟು ಹಿಂದೆ ಹೋಗುವುದೇ ಬೇಡ, ನಮ್ಮ ಮೈಸೂರು ಸಂಸ್ಥಾನವನ್ನೇ ತಗೊಳ್ಳಿ. 1881ರಲ್ಲೇ ಪ್ರಜಾಪ್ರತಿನಿಧಿ ಸಭೆ. 1894ರಲ್ಲೇ ಬಾಲ್ಯವಿವಾಹಕ್ಕೆ ತಡೆ ಹಾಕುವ ಕಾನೂನು. 1918ರಲ್ಲಿ ನಾಲ್ವಡಿಯವರು ಮಿಲ್ಲರ್ ಸಮಿತಿ ಮಾಡಿ ಹಿಂದುಳಿದವರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಕೊಡಲು ಹೊರಟಾಗ, ಒಪ್ಪದೆ ವಿಶ್ವೇಶ್ವರಯ್ಯನವರಂಥ ದಿವಾನರೇ ಹುದ್ದೆ ಬಿಟ್ಟರು. ಆದರೂ ಮಹಾರಾಜರು ಹಿಂದೆ ಸರಿಯಲಿಲ್ಲ. 1948ರಲ್ಲಿ ವಿಶ್ವಸಂಸ್ಥೆ ಪ್ಯಾರಿಸ್ಸಿನಲ್ಲಿ ಘೋಷಣೆ ಓದುವುದಕ್ಕೆ ಮೂವತ್ತು ವರ್ಷ ಮೊದಲು ಇದು. ಹತ್ತು ನಿಮಿಷಕ್ಕೆ ಇಷ್ಟು ಸಾಕು, ಚಪ್ಪಾಳೆ ಗ್ಯಾರಂಟಿ.

ಹಳೇ ಮೇಷ್ಟ್ರು

ಒಂಟಿಕೊಪ್ಪಲಿನವರೇ, ನೀವು ಹೇಳಿದ ಇಸವಿಗಳೆಲ್ಲ ಸರಿ. ನಮ್ಮಪ್ಪ ಅಕ್ಷರ ಕಲಿತಿದ್ದೇ ನಾಲ್ವಡಿಯವರ ಕಾಲದ ಶಾಲೆಯಲ್ಲಿ. ಅವರ ಫೋಟೋ ನಮ್ಮ ಪಡಸಾಲೆಯಲ್ಲಿ ಈಗಲೂ ಇದೆ, ಹಬ್ಬಕ್ಕೆ ಒರೆಸಿ ಹೂ ಇಡುತ್ತೇವೆ. ಆದರೆ ಆ ಹುಡುಗಿ ಕೇಳಿದ್ದು ಹಕ್ಕಿನ ವಿಚಾರ. ದೊರೆ ಒಳ್ಳೆಯವರಿದ್ದರು, ಕೊಟ್ಟರು. ಕೊಡದೇ ಇದ್ದಿದ್ದರೆ ಎಲ್ಲಿಗೆ ಹೋಗಿ ಕೇಳಬೇಕಿತ್ತು? ಪ್ರಜಾಪ್ರತಿನಿಧಿ ಸಭೆಯಲ್ಲಿ ಮೊದಮೊದಲು ಕೂತಿದ್ದವರು ಜಮೀನುದಾರರು, ವ್ಯಾಪಾರಸ್ಥರು. ಅಹವಾಲು ಹೇಳಬಹುದಿತ್ತು, ಸರ್ಕಾರ ಕೇಳಲೇಬೇಕು ಅಂತೇನೂ ಇರಲಿಲ್ಲ.

ಪಂಪನ ಮಾತೂ ಹಾಗೇ. ಮಾತು ಬಂಗಾರ. ಆದರೆ ಅದನ್ನು ಹಿಡಿದುಕೊಂಡು ಊರ ಬಾವಿ ಹತ್ತಿರ ಹೋಗಿ "ನನಗೂ ನೀರು ಸೇದಲು ಬಿಡಿ, ಪಂಪ ಹೇಳಿದ್ದಾನೆ" ಅಂದಿದ್ದರೆ ಬಿಡುತ್ತಿದ್ದರಾ? ಸಾವಿರ ವರ್ಷ ಬಿಡಲಿಲ್ಲ. ನಮ್ಮ ಸಂವಿಧಾನದ 15ನೇ ವಿಧಿ ತೆಗೆದು ನೋಡಿ. ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ, ಅಂಗಡಿ, ಹೋಟೆಲು ಅಂತ ಒಂದೊಂದಾಗಿ ಬರೆದಿದ್ದಾರೆ. ಇಷ್ಟು ದೊಡ್ಡ ದೇಶದ ಸಂವಿಧಾನದಲ್ಲಿ ಬಾವಿ ಹೆಸರು ಯಾಕೆ ಬರೆಯಬೇಕಾಯ್ತು ಅಂತ ಒಂದು ನಿಮಿಷ ಯೋಚನೆ ಮಾಡಿ.

ಜಲ್ಲೆ, ಈಗ ನಿನಗೊಂದು ಕಥೆ. ಬರೆದುಕೋ ತಾಯಿ, ನೋಟ್ಸಿನಲ್ಲಿ ಸಿಗಲ್ಲ.

ಮೈಸೂರಿಗೆ ಬಂದಾಗ ರಾಮಸ್ವಾಮಿ ಸರ್ಕಲ್ ದಾಟಿರುತ್ತೀಯ. ದಿನಾ ಸಾವಿರಾರು ಜನ "ರಾಮಸ್ವಾಮಿ ಸರ್ಕಲ್ ಹತ್ರ ಇಳಿಸಪ್ಪ" ಅಂತಾರೆ, ಯಾವ ರಾಮಸ್ವಾಮಿ ಅಂತ ಯಾರೂ ಕೇಳಲ್ಲ. ಅವನೊಬ್ಬ ವಿದ್ಯಾರ್ಥಿ. 1947ರ ಸೆಪ್ಟೆಂಬರಿನಲ್ಲಿ ಗುಂಡೇಟಿಗೆ ಸತ್ತ. ಆಗಸ್ಟ್ 15 ಆಗಿ ತಿಂಗಳಾಗಿತ್ತು, ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು. ಆದರೆ ಮೈಸೂರಿನಲ್ಲಿ ಇನ್ನೂ ದಿವಾನರ ಆಡಳಿತ. ಜನರು ಆರಿಸಿದ ಸರ್ಕಾರ ಬೇಕು ಅಂತ 'ಮೈಸೂರು ಚಲೋ' ನಡೆಯುತ್ತಿತ್ತು. ಬೀದಿಯಲ್ಲಿ ಹುಡುಗರು ಕೂಗುತ್ತಿದ್ದ ಘೋಷಣೆ "ಆರ್ಕಾಟ್ ಬಾಯ್ಕಾಟ್!" ಆರ್ಕಾಟ್ ಅಂದರೆ ದಿವಾನ್ ಸರ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್. ದಿವಾನರ ಹೆಸರೂ ರಾಮಸ್ವಾಮಿ, ಸತ್ತ ಹುಡುಗನ ಹೆಸರೂ ರಾಮಸ್ವಾಮಿ.

ಈಗ ತಮಾಷೆ ನೋಡು. 1945ರಲ್ಲಿ ವಿಶ್ವಸಂಸ್ಥೆಯ ಸನ್ನದಿಗೆ ಭಾರತದ ಪರವಾಗಿ ಸಹಿ ಹಾಕಿದವರಲ್ಲಿ ಇದೇ ಮೊದಲಿಯಾರ್ ಒಬ್ಬರು. 1946ರ ಜನವರಿಯಲ್ಲಿ ಲಂಡನ್ನಿನಲ್ಲಿ ಅದರ ಆರ್ಥಿಕ ಮತ್ತು ಸಾಮಾಜಿಕ ಮಂಡಳಿ ಮೊದಲ ಸಲ ಸೇರಿದಾಗ ಅಧ್ಯಕ್ಷರೂ ಇವರೇ. ಮಾನವ ಹಕ್ಕುಗಳ ಆಯೋಗ ಹುಟ್ಟಿದ್ದು ಆ ಮಂಡಳಿಯಿಂದ, ಅದೇ ವರ್ಷ. ನೀನು ಡಿಸೆಂಬರ್ 10ಕ್ಕೆ ಯಾವ ಘೋಷಣೆಯ ಬಗ್ಗೆ ಮಾತಾಡುತ್ತೀಯೋ ಅದನ್ನು ಬರೆದ ಆಯೋಗ. ಅಲ್ಲಿಂದ ಬಂದವರು ಇಲ್ಲಿ ದಿವಾನರಾದರು. ಮರುವರ್ಷ ಅವರ ಆಡಳಿತದಲ್ಲೇ, ಮತ ಹಾಕುವ ಹಕ್ಕು ಕೇಳಿದ ಹುಡುಗ ಬೀದಿಯಲ್ಲಿ ಬಿದ್ದ. ಅಕ್ಟೋಬರಿನಲ್ಲಿ ಸಂಸ್ಥಾನ ಬಗ್ಗಿತು, ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು.

ಮೊದಲಿಯಾರ್ ಕೆಟ್ಟವರು ಅಂತಲ್ಲ. ದೊಡ್ಡ ವಿದ್ವಾಂಸರು, ಒಳ್ಳೆಯ ಮಾತುಗಾರರು. ಲಂಡನ್ನಿನ ಮೇಜಿನ ಮೇಲೆ ಹಕ್ಕು ಅಂದರೆ ಕಾಗದ. ಮೈಸೂರಿನ ಬೀದಿಯಲ್ಲಿ ಅದೇ ಹಕ್ಕು ಕೇಳಿದರೆ ಗಲಾಟೆ. ಇವತ್ತಿಗೂ ಹಾಗೇ ಅಲ್ವಾ?

ಕಬ್ಬಿನಜಲ್ಲೆ

ಮೇಷ್ಟ್ರೇ, ಮೈ ಜುಂ ಅಂತು. ಅಲ್ಲೇ ಹತ್ತಿರದಲ್ಲಿ ನಮ್ಮ ಚಿಕ್ಕಮ್ಮನ ಮನೆ, ಎಷ್ಟು ಸಲ ಓಡಾಡಿದ್ದೀನಿ.

ಮದ್ದೂರು ವಡೆ

ಮಂಡ್ಯದ ಹುಡುಗಿ ಮೈಸೂರಿನ ಕಥೆ ಯಾಕೆ ಹೇಳಬೇಕು? ನಮ್ಮ ಶಿವಪುರ ಇದೆಯಲ್ಲ. 1938ರ ಏಪ್ರಿಲ್. ಮೈಸೂರು ಕಾಂಗ್ರೆಸ್ಸಿನ ಅಧಿವೇಶನ, ಬಾವುಟ ಹಾರಿಸಬಾರದು ಅಂತ ಸರ್ಕಾರದ ಆಜ್ಞೆ. ಅಧ್ಯಕ್ಷರು ಟಿ. ಸಿದ್ಧಲಿಂಗಯ್ಯನವರು ಹಾರಿಸಿದರು, ಹಿಡಿದರು. ಇನ್ನೊಬ್ಬರು ಎದ್ದರು, ಅವರನ್ನೂ ಹಿಡಿದರು. ಹಾಗೇ ಒಬ್ಬರಾದ ಮೇಲೆ ಒಬ್ಬರು. ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಗುಂಡು ಹಾರಿ ಜನ ಸತ್ತರು. ಆಮೇಲೆ ಮೇ ತಿಂಗಳಲ್ಲಿ ಸರ್ದಾರ್ ಪಟೇಲರು ಮತ್ತು ದಿವಾನ್ ಮಿರ್ಜಾ ಇಸ್ಮಾಯಿಲ್ ನಡುವೆ ಒಪ್ಪಂದವಾಗಿ ಬಾವುಟಕ್ಕೆ ಒಪ್ಪಿಗೆ ಸಿಕ್ತು. ಗಮನಿಸಿ, ಇದು ನಾಲ್ವಡಿಯವರ ಕಾಲ. ಇಡೀ ದೇಶ 'ಮಾದರಿ ಸಂಸ್ಥಾನ' ಅಂತಿದ್ದ ಕಾಲ. ಒಂದು ತುಂಡು ಬಟ್ಟೆ ಕೋಲಿಗೆ ಕಟ್ಟಲು ಅಪ್ಪಣೆ ಇರಲಿಲ್ಲ.

ಹೆದ್ದಾರಿ ಪಕ್ಕದಲ್ಲೇ ಅದರ ನೆನಪಿನ ಸತ್ಯಾಗ್ರಹ ಸೌಧ ಇದೆ. ಜನ ಅಲ್ಲಿ ನಿಲ್ಲಲ್ಲ, ಮುಂದೆ ಹೋಗಿ ವಡೆಗೆ ನಿಲ್ತಾರೆ. ನನ್ನ ಹೆಸರು ನೋಡಿ ನಗಬೇಡಿ.

ಒಂಟಿಕೊಪ್ಪಲು ವಾಸಿ

ಸರಿ, ಒಪ್ಪಿದೆ. ಆದರೆ ಯುರೋಪಿನವರಿಗೆ ಇದರ ಗುತ್ತಿಗೆ ಕೊಡಬೇಡಿ ಅಂದೆ ಅಷ್ಟೇ. 1789ರಲ್ಲಿ ಮನುಷ್ಯರೆಲ್ಲ ಸಮಾನ ಅಂತ ಬರೆದ ಫ್ರಾನ್ಸು ಆಗಲೂ ಗುಲಾಮರನ್ನು ಇಟ್ಟುಕೊಂಡಿತ್ತು.

ಹಳೇ ಮೇಷ್ಟ್ರು

ಇದು ಪಾಯಿಂಟು. ಇಟ್ಟುಕೊಂಡಿತ್ತು. ಈಗಿನ ಹೈಟಿ ಆಗ ಫ್ರಾನ್ಸಿನ ವಸಾಹತು, ಕಬ್ಬಿನ ತೋಟಗಳ ನಾಡು. ನಮ್ಮ ಮಂಡ್ಯದ ಹಾಗೆ ಕಬ್ಬು, ಆದರೆ ಕಡಿಯುತ್ತಿದ್ದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. 1791ರಲ್ಲಿ ಅವರು ಎದ್ದರು. ಮನುಷ್ಯರೆಲ್ಲ ಸಮಾನ ಅಂದರೆ ನಾವೂ ಮನುಷ್ಯರೇ ತಾನೇ ಅಂತ. 1804ರಲ್ಲಿ ಸ್ವತಂತ್ರ ದೇಶ ಮಾಡಿಕೊಂಡರು. ಬರೆದವರ ತಲೆಯಲ್ಲಿ ಇವರು ಇರಲೇ ಇಲ್ಲ. ಇವರೇ ಬಂದು ಆ ಸಾಲಿನೊಳಗೆ ಕೂತರು. ಹಾಗಾಗಿ ಹಕ್ಕು ಯಾರದ್ದು ಅಂತ ಕೇಳಿದರೆ ನಾನು ಬರೆದವರ ಹೆಸರು ಹೇಳುವುದಿಲ್ಲ, ಕೇಳಿ ಇಸಿದುಕೊಂಡವರ ಹೆಸರು ಹೇಳುತ್ತೇನೆ.

ಬಿಸಿಲುಕೋಲು

ಮೇಷ್ಟ್ರ ಮಾತಿಗೆ ಒಬ್ಬ ಹೆಣ್ಣುಮಗಳ ಹೆಸರು ಸೇರಿಸುತ್ತೇನೆ. ಹಂಸಾ ಮೆಹ್ತಾ. ಗುಜರಾತಿನವರು, ನಮ್ಮ ಸಂವಿಧಾನ ರಚನಾ ಸಭೆಯಲ್ಲಿದ್ದ ಹದಿನೈದು ಹೆಂಗಸರಲ್ಲಿ ಒಬ್ಬರು. ಮಾನವ ಹಕ್ಕುಗಳ ಆಯೋಗದಲ್ಲಿ ಭಾರತದ ಪ್ರತಿನಿಧಿ. ಕರಡಿನ ಮೊದಲ ಸಾಲಿನಲ್ಲಿ ಇಂಗ್ಲಿಷಿನಲ್ಲಿ 'ಆಲ್ ಮೆನ್' ಅಂತ ಇತ್ತು. ಇವರು ತಡೆದರು. ಹೀಗೆ ಬರೆದರೆ ಕೆಲವು ದೇಶಗಳು ಗಂಡಸರು ಮಾತ್ರ ಅಂತ ಓದಿಕೊಳ್ತಾರೆ, 'ಹ್ಯೂಮನ್ ಬೀಯಿಂಗ್ಸ್' ಅಂತ ಹಾಕಿ ಅಂದರು. ಆಯೋಗದ ಅಧ್ಯಕ್ಷೆ ಎಲಿನಾರ್ ರೂಸ್ವೆಲ್ಟ್ ಅವರಿಗೇ ಅದು ಅಷ್ಟು ದೊಡ್ಡ ವಿಷಯ ಅನ್ನಿಸಿರಲಿಲ್ಲ. ಕೊನೆಗೆ ಬದಲಾಯಿತು.

ಜಾಸ್ತಿ ಎಳೆದರು ಅಂತ ಅನ್ನಿಸುತ್ತಾ? ಫ್ರಾನ್ಸಿನ 1789ರ ಘೋಷಣೆಯಲ್ಲಿ ಹೆಂಗಸರ ಮಾತೇ ಇರಲಿಲ್ಲ. ಒಲಿಂಪ್ ದ ಗೂಜ್ ಅನ್ನುವ ಹೆಂಗಸು 1791ರಲ್ಲಿ ಮಹಿಳೆಯರ ಹಕ್ಕುಗಳ ಘೋಷಣೆ ಅಂತ ತಾನೇ ಒಂದು ಬರೆದಳು. 1793ರಲ್ಲಿ ಅವಳ ತಲೆ ತೆಗೆದರು. ಹಾಗಿರುವಾಗ ಒಂದು ಪದಕ್ಕೆ ಜಗಳ ಆಡಬೇಕಾಗುತ್ತದೆ.

ನಾನು ಅನುವಾದದ ಕೆಲಸ ಮಾಡುವವಳು, ಅದಕ್ಕೇ ಇದು ನನಗೆ ತಲೆಗೆ ಹತ್ತಿದ್ದು. ಆ ಘೋಷಣೆಯನ್ನು ಕನ್ನಡದಲ್ಲಿ ಓದಿದರೆ ಈ ಜಗಳ ಕಾಣೋದೇ ಇಲ್ಲ! ನಮಗೆ 'ಮಾನವರು', 'ಮನುಷ್ಯರು' ಅಂದರೆ ಗಂಡು ಹೆಣ್ಣು ಎಲ್ಲ ಸೇರಿತು. ಹಂಸಾ ಮೆಹ್ತಾ ಅಷ್ಟು ಕಷ್ಟಪಟ್ಟು ತಂದದ್ದು ನಮ್ಮ ಭಾಷೆಯಲ್ಲಿ ಪುಕ್ಕಟೆ ಇದೆ. ಆದರೆ ಅದೇ ಮೊದಲ ವಿಧಿಯ ಕೊನೆಗೆ ಬನ್ನಿ, ಎಲ್ಲರೂ 'ಸಹೋದರ ಭಾವ'ದಿಂದ ಇರಬೇಕು ಅಂತ ಇದೆ. ಸಹೋದರಿ ಎಲ್ಲಿ ಹೋದಳು? ಮುಂದಿನ ಬಾಗಿಲಲ್ಲಿ ಒಳಗೆ ಕರೆದು ಹಿಂದಿನ ಬಾಗಿಲಲ್ಲಿ ಬಿಟ್ಟರು.

ಆಲೆಮನೆ

ಅಕ್ಕ, ಪದ ಪುಕ್ಕಟೆ ಇರಬಹುದು. 2023ರಲ್ಲಿ ಭ್ರೂಣ ಹತ್ಯೆ ಜಾಲದ ಕೇಸಿನಲ್ಲಿ ಸ್ಕ್ಯಾನಿಂಗ್ ಮಷೀನು ಸಿಕ್ಕಿದ್ದು ಎಲ್ಲಿ? ನಮ್ಮ ಮಂಡ್ಯದ ಒಂದು ಆಲೆಮನೆಯಲ್ಲಿ. ಬೆಲ್ಲ ಬೇಯಿಸುವ ಜಾಗದಲ್ಲಿ. ಹೊಟ್ಟೆಯಲ್ಲಿರುವುದು ಹೆಣ್ಣು ಅಂತ ಹೇಳುವುದೇ ಅಪರಾಧ ಅಂತ 1994ರಿಂದ ಕಾನೂನಿದೆ. ನನ್ನ ಹೆಸರನ್ನು ಆವತ್ತೇ ಬದಲಾಯಿಸೋಣ ಅಂದುಕೊಂಡೆ.

ಬುಲೆಟ್ ರಾಜ

ಇಷ್ಟೊತ್ತು ಓದಿದೆ. ಎಲ್ಲ ಚೆನ್ನಾಗಿದೆ ಗುರು. ಆದರೆ ನಿಜ ಹೇಳಿ, ಇವತ್ತು ಮಾನವ ಹಕ್ಕು ಅಂದರೆ ಏನು? ಕಳ್ಳನಿಗೆ, ರೌಡಿಗೆ ಪೊಲೀಸು ಎರಡು ಬಿಟ್ಟರೆ ಬಂದುಬಿಡುತ್ತದೆ ಮಾನವ ಹಕ್ಕು. ಏಟು ತಿಂದವನಿಗೆ ಹಕ್ಕಿಲ್ಲ, ಹೊಡೆದವನಿಗೆ ಹಕ್ಕು. ಇನ್ನೊಂದು, ಕಾರಿನ ಮುಂದೆ 'ಮಾನವ ಹಕ್ಕು' ಅಂತ ಕೆಂಪು ಬೋರ್ಡು ಹಾಕಿಕೊಂಡು ಟೋಲ್ ತಪ್ಪಿಸುವವರು.

ವಕೀಲಿ ಕೋಟು

ಬೋರ್ಡಿನವರ ವಿಷಯದಲ್ಲಿ ನಾನು ನಿಮ್ಮ ಪಾರ್ಟಿ. ಯಾವುದೋ ಸಂಘ ನೋಂದಣಿ ಮಾಡಿಸಿ, ಕಾರ್ಡು ಹೊಡೆಸಿ, ಕುತ್ತಿಗೆಗೆ ಹಾಕಿಕೊಂಡು ತಾಲೂಕು ಆಫೀಸಿನಲ್ಲಿ ಜೋರು ಮಾಡುವವರಿಗೂ ಸರ್ಕಾರದ ಆಯೋಗಕ್ಕೂ ಯಾವ ಸಂಬಂಧವೂ ಇಲ್ಲ. ಅಂಥವರು ದುಡ್ಡು ಕೇಳಿದರೆ ಕೊಡಬೇಡಿ.

ಕಳ್ಳನ ವಿಷಯ ಹೇಳಿದಿರಲ್ಲ, ನಾನು ನೋಡಿದ್ದು ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಎಳನೀರು ಮಾರುವ ಹುಡುಗ ಒಬ್ಬ ನನ್ನ ಹತ್ತಿರ ಬಂದಿದ್ದ. ಕಳುವಾದ ಯಾವುದೋ ಬೈಕು ಕಪ್ಪು ಬಣ್ಣದ್ದು, ಇವನದ್ದೂ ಕಪ್ಪು. ಸಂಜೆ ಕರೆದುಕೊಂಡು ಹೋದರು. ಎರಡು ರಾತ್ರಿ ಬಿಡಲಿಲ್ಲ, ಎಲ್ಲಿದ್ದಾನೆ ಅಂತ ಹೆಂಡತಿಗೆ ಹೇಳಲಿಲ್ಲ, ಎಲ್ಲೂ ಬರೆದುಕೊಳ್ಳಲಿಲ್ಲ. ಮೂರನೇ ದಿನ ಕಳುವಾದ ಬೈಕು ಬೇರೆ ಕಡೆ ಸಿಕ್ಕಿತು, ಇವನಿಗೆ "ಹೋಗಲೇ" ಅಂದರು. ನನ್ನ ಮುಂದೆ ಕೂತಾಗ ಟೀ ಲೋಟವನ್ನು ಎರಡು ಅಂಗೈ ಮಧ್ಯೆ ಇಟ್ಟುಕೊಂಡು ಕುಡಿದ. ಬಲಗೈ ಬೆರಳು ಮಡಚುತ್ತಿರಲಿಲ್ಲ. ಮಚ್ಚು ಹಿಡಿದು ಎಳನೀರು ಕೊಚ್ಚಬೇಕಾದ ಕೈ ಅದು. ದೂರು ಕೊಡೋಣ ಅಂದೆ. "ಬ್ಯಾಡಿ ಸಾ, ಅಲ್ಲೇ ಯಾಪಾರ ಮಾಡ್ಬೇಕು" ಅಂತ ಎದ್ದು ಹೋದ.

ಅವನು ಕಳ್ಳನೋ ಅಲ್ಲವೋ ಅನ್ನುವುದು ಮೊದಲ ರಾತ್ರಿ ಯಾರಿಗೂ ಗೊತ್ತಿರಲಿಲ್ಲ. ನಿಯಮ ಇರುವುದು ಆ ರಾತ್ರಿಗೆ. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಅಂತ ಸಂವಿಧಾನದ 22ನೇ ವಿಧಿ. ಬಂಧಿಸಿದರೆ ಅಲ್ಲೇ ಮೆಮೊ ಬರೆಯಬೇಕು, ಮನೆಯವರಿಗೆ ತಿಳಿಸಬೇಕು, ಪೊಲೀಸರ ಎದೆ ಮೇಲೆ ಹೆಸರು ಕಾಣಬೇಕು ಅಂತ 1996ರ ಡಿ.ಕೆ. ಬಸು ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬುಲೆಟ್ ರಾಜ ಅವರೇ, ನಿಮ್ಮ ಬುಲೆಟ್ ಯಾವ ಬಣ್ಣ?

ಜಲ್ಲೆಗೆ ಕಾನೂನು ಕಡೆಯಿಂದ ಸ್ವಲ್ಪ. 1948ರ ಡಿಸೆಂಬರ್ 10ರಂದು ಪ್ಯಾರಿಸ್ಸಿನಲ್ಲಿ 30 ವಿಧಿಗಳ ಘೋಷಣೆಗೆ ಮತ ಹಾಕಿದಾಗ ವಿಶ್ವಸಂಸ್ಥೆಯಲ್ಲಿ ಇದ್ದಿದ್ದೇ 58 ದೇಶ. 48 ಪರ, ವಿರೋಧ ಸೊನ್ನೆ, 8 ದೇಶ ತಟಸ್ಥ, ಎರಡು ಮತ ಹಾಕಲಿಲ್ಲ. ತಟಸ್ಥ ನಿಂತವರಲ್ಲಿ ಸೋವಿಯತ್ ಬಣ, ಸೌದಿ ಅರೇಬಿಯಾ, ದಕ್ಷಿಣ ಆಫ್ರಿಕಾ. ದಕ್ಷಿಣ ಆಫ್ರಿಕಾದ್ದು ಯಾಕೆ ಅಂತ ಬಿಡಿಸಿ ಹೇಳಬೇಕಾ? ಅಲ್ಲಿನ ಭಾರತೀಯರನ್ನು ನಡೆಸಿಕೊಳ್ಳುವ ರೀತಿ ಸರಿಯಿಲ್ಲ ಅಂತ 1946ರಲ್ಲೇ ವಿಜಯಲಕ್ಷ್ಮಿ ಪಂಡಿತ್ ವಿಶ್ವಸಂಸ್ಥೆಯಲ್ಲಿ ಎತ್ತಿದ್ದರು, ಆಗ ನಮಗಿನ್ನೂ ಸ್ವಾತಂತ್ರ್ಯವೇ ಬಂದಿರಲಿಲ್ಲ. ಈ ಘೋಷಣೆ ಕಾನೂನಲ್ಲ, ಅದು ಮಾತು ಕೊಟ್ಟ ಹಾಗೆ. ಕಟ್ಟುಪಾಡಿನ ಒಪ್ಪಂದಗಳು 1966ರಲ್ಲಿ ಬಂದವು, ಭಾರತ ಸೇರಿದ್ದು 1979ರಲ್ಲಿ. ನಮ್ಮ ರಾಷ್ಟ್ರೀಯ ಆಯೋಗ 1993ರದ್ದು, ರಾಜ್ಯಕ್ಕೂ ಬೇರೆ ಆಯೋಗ ಇದೆ. ದೂರಿಗೆ ಶುಲ್ಕ ಇಲ್ಲ, ವಕೀಲರೂ ಬೇಡ, ಬಿಳಿ ಹಾಳೆಯಲ್ಲಿ ಕನ್ನಡದಲ್ಲಿ ಬರೆದರೂ ನಡೆಯುತ್ತದೆ. ಆದರೆ ಘಟನೆ ನಡೆದು ಒಂದು ವರ್ಷದೊಳಗೆ ಕೊಡಬೇಕು. ಮತ್ತೆ, ಆಯೋಗ ಶಿಫಾರಸು ಮಾಡಬಹುದು, ಶಿಕ್ಷೆ ಕೊಡಲು ಬರುವುದಿಲ್ಲ. ಹಲ್ಲಿಲ್ಲ ಅಂತ ಬೈಯುವವರು ಇದ್ದಾರೆ, ಅವರ ಮಾತಿನಲ್ಲಿ ಸುಳ್ಳಿಲ್ಲ.

ಬುಲೆಟ್ ರಾಜ

ಕಪ್ಪು.

ಕಿರುಗಾವಲು ದಾರಿ

ನಾನು ಇಲ್ಲಿ ಬರೆಯುವುದು ಕಡಿಮೆ, ಸುಮ್ನೆ ಓದುತ್ತೇನೆ. ಇವತ್ತು ಬರೆಯಬೇಕು ಅನ್ನಿಸಿತು.

ನಮ್ಮ ತಾತ ಜೀತ ಇದ್ದವರು. ಮಳವಳ್ಳಿ ಸೀಮೆ. ಅವರ ಅಪ್ಪ ಮದುವೆಗೆ ಅಂತ ತಂದ ಸಾಲ ಮುನ್ನೂರು ರೂಪಾಯಿ, ಅದಕ್ಕೆ ಮಗನನ್ನು ಬಿಟ್ಟರು. ಆಗ ತಾತನಿಗೆ ಹನ್ನೊಂದೋ ಹನ್ನೆರಡೋ. ಮಲಗುವುದು ಯಜಮಾನರ ಕೊಟ್ಟಿಗೆಯಲ್ಲಿ ದನದ ಪಕ್ಕ. ಕೋಳಿ ಕೂಗುವ ಮೊದಲು ಎದ್ದು ಸಗಣಿ ಬಾಚಬೇಕು, ಆಮೇಲೆ ಗದ್ದೆ. ವರ್ಷಕ್ಕೆ ಒಂದು ಜೊತೆ ಬಟ್ಟೆ, ದಿನಕ್ಕೆ ಎರಡು ಹೊತ್ತು ಮುದ್ದೆ. ಸಾರನ್ನು ಮೇಲಿಂದ ಬಿಡುತ್ತಿದ್ದರಂತೆ, ಸೌಟು ತಟ್ಟೆಗೆ ತಾಗಬಾರದು. ಮೇಲಿಂದ ಬಿದ್ದಾಗ ಬಿಸಿ ಸಾರು ಕೈಗೆ ಸಿಡಿಯುತ್ತಿತ್ತು. ಎಷ್ಟೋ ವರ್ಷದ ಮೇಲೆ, ನಮ್ಮ ಮನೆಯಲ್ಲೇ ಅಮ್ಮ ಸಾರು ಬಡಿಸಲು ಬಂದರೆ ತಾತ ತಟ್ಟೆ ಬಿಟ್ಟು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು.

ಸಾಲ ತೀರಲೇ ಇಲ್ಲ. ಹಬ್ಬಕ್ಕೆ ಅಂತ ಹತ್ತು ರೂಪಾಯಿ ಕೊಟ್ಟರೆ ಅದೂ ಲೆಕ್ಕಕ್ಕೆ ಸೇರುತ್ತಿತ್ತು. 1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆ ಬಂತು, 1976ರಲ್ಲಿ ಜೀತ ಪದ್ಧತಿ ರದ್ದತಿ ಕಾಯ್ದೆ. ನಮ್ಮಲ್ಲಿ ದೇವರಾಜ ಅರಸು ಮುಖ್ಯಮಂತ್ರಿ. ಸಾಲವೇ ವಜಾ ಅಂತ ಅಧಿಕಾರಿಗಳು ಬಂದು ಹೇಳಿದರು. ತಾತ ನಂಬಲಿಲ್ಲ. ಅಜ್ಜಿ ಹೇಳುತ್ತಿದ್ದ ಪ್ರಕಾರ ಇನ್ನೂ ಒಂದು ತಿಂಗಳು, ಕತ್ತಲಲ್ಲೇ ಎದ್ದು ಹೋಗಿ ಆ ಕೊಟ್ಟಿಗೆ ಬಾಗಿಲಲ್ಲಿ ನಿಂತಿರುತ್ತಿದ್ದರಂತೆ. ಒಳಗೆ ಹೋಗುತ್ತಿರಲಿಲ್ಲ. ನಿಂತಿರುತ್ತಿದ್ದರು, ಬೆಳಗಾದ ಮೇಲೆ ವಾಪಸ್ ಬರುತ್ತಿದ್ದರು.

ಘೋಷಣೆಯ 4ನೇ ವಿಧಿಯಲ್ಲಿ ಗುಲಾಮಗಿರಿ ಕೂಡದು ಅಂತ ಇದೆಯಂತೆ. ನಮ್ಮ ಸಂವಿಧಾನದ 23ನೇ ವಿಧಿಯಲ್ಲಿ ಬಲವಂತದ ದುಡಿಮೆ ಕೂಡದು ಅಂತ 1950ರಿಂದಲೇ ಇದೆ. ತಾತ ಹೊರಗೆ ಬಂದದ್ದು 1976. ಮಧ್ಯದ 26 ವರ್ಷ ಎಲ್ಲಿ ಹೋಯ್ತು ಅಂತ ಒಂಟಿಕೊಪ್ಪಲಿನವರೂ ಮೇಷ್ಟ್ರೂ ಕೂತು ಹೇಳಿ. ಜಗಳಕ್ಕೆ ಕೇಳುತ್ತಿಲ್ಲ.

ಒಂಟಿಕೊಪ್ಪಲು ವಾಸಿ

ಅಣ್ಣಾ, ನನ್ನ ಹತ್ತಿರ ಉತ್ತರ ಇಲ್ಲ. ಚಪ್ಪಾಳೆ ಗ್ಯಾರಂಟಿ ಅಂದಿದ್ದೆನಲ್ಲ, ಅದನ್ನು ವಾಪಸ್ ತಗೊಂಡೆ.

ಹಳೇ ಮೇಷ್ಟ್ರು

ಆ 26 ವರ್ಷದಲ್ಲಿ ನಾನು ಅದೇ ಕಡೆ ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ಮೂಲಭೂತ ಹಕ್ಕುಗಳು ಅಂತ ಕಪ್ಪು ಹಲಗೆ ಮೇಲೆ ಬರೆಸಿ ಬಾಯಿಪಾಠ ಮಾಡಿಸಿದ್ದೇನೆ. ಕಿಟಕಿಯಿಂದ ಆಚೆ ಇಂಥ ಹುಡುಗರು ದನ ಹೊಡೆದುಕೊಂಡು ಹೋಗುವುದು ಕಾಣುತ್ತಿತ್ತು. ಶಾಲೆಗೆ ಯಾಕೆ ಬಂದಿಲ್ಲ ಅಂತ ಒಬ್ಬನ ಮನೆಗೂ ಹೋಗಿ ಕೇಳಲಿಲ್ಲ. ನನ್ನ ಉತ್ತರ ಅಷ್ಟೇ.

ಕಬ್ಬಿನಜಲ್ಲೆ

ಎಲ್ಲರಿಗೂ ನಮಸ್ಕಾರ, ಡಿಸೆಂಬರ್ 10 ಮುಗಿಯಿತು, ವರದಿ ಒಪ್ಪಿಸುತ್ತಿದ್ದೇನೆ. ಹತ್ತು ನಿಮಿಷ ಹದಿನೆಂಟಾಯಿತು, ಎರಡು ಸಲ ಗಂಟೆ ಹೊಡೆದರು. ರಾಮಸ್ವಾಮಿ, ಶಿವಪುರ, ಹಂಸಾ ಮೆಹ್ತಾ ಹೇಳಿದೆ. ಜೀತದ ತಾತನ ವಿಷಯ ಅಣ್ಣನನ್ನು ಕೇಳಿಕೊಂಡು, ಊರಿನ ಹೆಸರು ಬಿಟ್ಟು ಹೇಳಿದೆ. ಕೊಟ್ಟಿಗೆ ಬಾಗಿಲ ಮಾತು ಬಂದಾಗ ಹಿಂದಿನ ಸಾಲಿನಲ್ಲಿ ಮೊಬೈಲ್ ನೋಡುತ್ತಿದ್ದವರೂ ತಲೆ ಎತ್ತಿದರು.

ಆದರೆ ಹೇಳಬೇಕಾಗಿದ್ದು ಅದಲ್ಲ. ಮನೆಯಲ್ಲಿ ಅಜ್ಜಿ ಮುಂದೆ ನಾಲ್ಕು ಸಲ ಪ್ರಾಕ್ಟೀಸ್ ಮಾಡಿದ್ದೆನಲ್ಲ, ಘೋಷಣೆಯ 25ನೇ ವಿಧಿಯಲ್ಲಿ ಊಟವೂ ಹಕ್ಕು ಅಂತ ಇದೆ, ನಮ್ಮಲ್ಲಿ ಆಹಾರ ಭದ್ರತಾ ಕಾಯ್ದೆ 2013ರದ್ದು, ಹೆಬ್ಬೆಟ್ಟು ಬೀಳಲಿಲ್ಲ ಅಂತ ಪಡಿತರ ಕೊಡದೆ ಕಳಿಸಬಾರದು ಅಂತ 2017ರಲ್ಲೇ ಕೇಂದ್ರ ಸರ್ಕಾರ ಹೇಳಿದೆ ಅಂತೆಲ್ಲ. ಅಜ್ಜಿ ಎಲೆಅಡಿಕೆ ಹಾಕಿಕೊಂಡು ಕೇಳಿಸಿಕೊಂಡಿತ್ತು ಅಷ್ಟೇ, ಏನೂ ಅಂದಿರಲಿಲ್ಲ.

ನಿನ್ನೆ ರೇಷನ್ ಅಂಗಡಿಗೆ ಹೋದೆವು. ಅಜ್ಜಿಯ ಹೆಬ್ಬೆಟ್ಟು ಸವೆದು ಹೋಗಿದೆ, ಕಳೆ ಕಿತ್ತೂ ಕಿತ್ತೂ ಗೆರೆಯೇ ಇಲ್ಲ. ಮಷೀನು ತಗೊಳ್ಳಲಿಲ್ಲ. ಒರೆಸಿ ಇಟ್ಟರು, ತಲೆಗೆ ಉಜ್ಜಿ ಎಣ್ಣೆ ತಾಗಿಸಿ ಇಟ್ಟರು, ಆರು ಸಲ ಆಯ್ತು. "ಇವತ್ತು ಸರ್ವರ್ ಸರಿಯಿಲ್ಲ, ನಾಳಿಕ್ ಬಾ ಅಜ್ಜಿ" ಅಂದ ಅಂಗಡಿಯವನು. ಹೋದ ತಿಂಗಳೂ ಹಾಗೇ ಅಂದಿದ್ದ, ಮೂರು ದಿನ ಅಲೆದಿದ್ದೆವು. ನಾನು ಮಾತಾಡಬೇಕು ಅಂತ ಬಾಯಿ ತೆಗೆದೆ, ಅಷ್ಟರಲ್ಲಿ ಅಜ್ಜಿ ಮೆಟ್ಟಿಲ ಮೇಲೆ ಕೂತುಬಿಟ್ಟಿತು.

"ಕೊಡಾಕಿಲ್ಲ ಅಂತ ಒಂದ್ ಚೀಟೀಲಿ ಬರ್ಕೊಡಪ್ಪ, ನಿನ್ ಎಸ್ರಾಕಿ ಸೈನ್ ಮಾಡು. ನಮ್ ಮೊಮ್ಮಗಳು ಓದ್ತದೆ, ಅದ್ಕೆ ಬೇಕಂತೆ."

ಅವನು ನನ್ನ ಮುಖ ನೋಡಿದ. ಹಿಂದೆ ಸಾಲಿನಲ್ಲಿದ್ದ ಇಬ್ಬರು ಅಜ್ಜಿಯರೂ ಹೆಬ್ಬೆಟ್ಟು ನೋಡಿಕೊಂಡರು. ಒಂದು ನಿಮಿಷ ಆದ ಮೇಲೆ "ಮೊಬೈಲ್ ಯಾರದ್ದು ಲಿಂಕ್ ಆಗೈತೆ, ಓಟಿಪಿ ಬತ್ತದೆ ನೋಡಿ" ಅಂದ. ನನ್ನ ಫೋನಿಗೇ ಬಂತು. ಈ ದಾರಿ ಮೊದಲಿಂದಲೂ ಇತ್ತು!

ಅಕ್ಕಿ ಸುರಿಯುವಾಗ ಅಜ್ಜಿ ಇನ್ನೊಂದು ಸಲ ತಡೆಯಿತು. ಬರಿ ಚೀಲ ಇಟ್ಟು ತಕ್ಕಡೀಲಿ ಮೊದಲು ಸೊನ್ನೆ ತೋರಿಸು ಅಂತ.